ಕಣ್ಣು ಮುಚ್ಚಿ ನೋಡಿದ ಸಿನಿಮಾಗಳಿಗೆ, ಜೊತೆಗಿದ್ದವರಿಗೆ

ಮೊನ್ನೆ ಡಾಕ್ಟರ್ ಮೇಡಂ ನನ್ನ ಬಲಗಣ್ಣಿಗೆ ಲೈಟ್ ಬಿಟ್ಟು, ಮೇಲೆ ನೋಡಿ, ಕೆಳಗೆ ನೋಡಿ, ಎಡಕ್ಕೆ ನೋಡಿ ಅಂತ ಹತ್ತು ನಿಮಿಷ ಆಡಿಸಿದರು. ಆಮೇಲೆ ಲೈಟ್ ಆರಿಸಿ, "ಇನ್ನು ಆರು ತಿಂಗಳು ನನ್ನ ಮುಖ ನೋಡೋದು ಬೇಡ. ಹೋಗಿ ಸಿನಿಮಾ ನೋಡಿ" ಅಂದರು. ಅಲ್ಲೇ ಅತ್ತುಬಿಟ್ಟೆ. ಹಾಕಿದ್ದ ಡ್ರಾಪ್ಸೆಲ್ಲ ಕೆನ್ನೆಗೆ ಇಳಿಯಿತು.

ಅದಕ್ಕೇ ಈ ಬರಹ. ಏನಾಗಿತ್ತು ಅಂತ ತುಂಬ ಜನರಿಗೆ ನಾನು ಹೇಳಿಯೇ ಇರಲಿಲ್ಲ.

ಮಾರ್ಚ್ 2025. ಸುಮಂತ್ ಭಟ್ ಅವರ 'ಮಿಥ್ಯ' ನೋಡಲು ಹೋಗಿದ್ದೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗನೊಬ್ಬ ಮುಂಬೈಯಿಂದ ಉಡುಪಿ ಕಡೆಗೆ ಬಂದು, ಚಿಕ್ಕಮ್ಮನ ಮನೆಯಲ್ಲಿ ಹೊಂದಿಕೊಳ್ಳಲು ಒದ್ದಾಡುವ ಕಥೆ. ಹುಡುಗನ ಪಾತ್ರ ಮಾಡಿದ ಆತೀಶ್ ಶೆಟ್ಟಿ ಹೆಚ್ಚು ಮಾತಾಡುವುದಿಲ್ಲ, ಅಳುವುದೂ ಇಲ್ಲ. ಸುಮ್ನೆ ನೋಡುತ್ತಾನೆ, ನಮಗೆ ಹೊಟ್ಟೆ ಹಿಂಡುತ್ತದೆ. ಆ ಹುಡುಗನ ಮುಖವನ್ನೇ ನೋಡುತ್ತಾ ಕೂತವಳಿಗೆ ಪರದೆಯ ಎಡಗಡೆಯ ಕೆಳಮೂಲೆ ಮಂಕಾದ ಹಾಗೆ ಅನಿಸಿತು. ಪ್ರೊಜೆಕ್ಟರ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ನಾನು ಸುಮ್ಮನಿರುವ ಪೈಕಿ ಅಲ್ಲ. ಎದ್ದು ಹೊರಗೆ ಹೋಗಿ, ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನನ್ನು ಹಿಡಿದು ದಬಾಯಿಸಿದೆ. ದುಡ್ಡು ತಗೊಂಡು ಅರ್ಧ ಪರದೆ ತೋರಿಸ್ತೀರಾ ಅಂತೆಲ್ಲ ಅಂದೆ.

ಅವನು ಪಾಪ, ಒಳಗೆ ಬಂದು ನೋಡಿದ. ಮತ್ತೆ ಹೊರಗೆ ಕರೆದ. "ಮೇಡಂ, ಪರದೆ ಸರಿಯಾಗಿದೆ. ನೀವು ಒಂದೊಂದೇ ಕಣ್ಣು ಮುಚ್ಚಿ ನೋಡಿ" ಅಂದ. ಬಲಗಣ್ಣು ಮುಚ್ಚಿದೆ, ಎಲ್ಲ ಸರಿ ಇತ್ತು. ಎಡಗಣ್ಣು ಮುಚ್ಚಿದೆ. ಎದುರಿಗಿದ್ದ ಪೋಸ್ಟರಿನ ಕೆಳಗಿನ ಮೂಲೆಯೇ ಇರಲಿಲ್ಲ. ಯಾರೋ ಕರಿ ಬಟ್ಟೆ ಇಳಿಬಿಟ್ಟ ಹಾಗಿತ್ತು. "ನಮ್ಮಪ್ಪನಿಗೂ ಹೀಗೇ ಆಗಿತ್ತು ಮೇಡಂ. ಸೋಮವಾರ ತೋರಿಸಿದರಾಯ್ತು ಅಂತ ಬಿಟ್ಟರು, ಒಂದು ಕಣ್ಣು ಹೋಯ್ತು. ನೀವು ಇವತ್ತೇ ಹೋಗಿ" ಅಂದ. ಅಂದು ಶನಿವಾರ.

ಅದಕ್ಕೂ ಎರಡು ವಾರ ಮುಂಚೆ ಕಣ್ಣಲ್ಲಿ ಕರಿ ಚುಕ್ಕೆಗಳು ಓಡಾಡುತ್ತಿದ್ದವು. ಕತ್ತಲಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತು. ಒಂದು ಕಡೆ ತೋರಿಸಿದ್ದೆ, ಕಣ್ಣು ಒಣಗಿದೆ ಅಂತ ಡ್ರಾಪ್ಸ್ ಬರೆದುಕೊಟ್ಟು ಕಳಿಸಿದ್ದರು. ಇಂಥ ಚುಕ್ಕೆ, ಮಿಂಚು, ಕಪ್ಪು ಪರದೆ ಮೂರರಲ್ಲಿ ಯಾವುದು ಹೊಸದಾಗಿ ಕಂಡರೂ ಕಾಯಬೇಡಿ. ಕಣ್ಣಿನ ಹಿಂಭಾಗದ ಪದರ, ಅಂದರೆ ರೆಟಿನಾ, ಬಿಟ್ಟುಕೊಳ್ಳುತ್ತಿರಬಹುದು. ನನ್ನದು ಬಿಟ್ಟುಕೊಂಡಿತ್ತು.

ಮರುದಿನ ಆಪರೇಷನ್. ಕಣ್ಣೊಳಗಿನ ಅಂಟು ದ್ರವ ತೆಗೆದು, ಹರಿದ ಜಾಗಕ್ಕೆ ಲೇಸರ್ ಹಾಕಿ, ಒಳಗೆ ಗ್ಯಾಸ್ ತುಂಬಿದರು. ಡಾಕ್ಟರ್ ಮೇಡಂ ವಿವರಿಸಿದ್ದು ಹೀಗೆ: "ಪಂಚರ್ ಹಾಕಿದ ಮೇಲೆ ಪ್ಯಾಚ್ ಒತ್ತಿ ಹಿಡೀತಾರಲ್ಲ, ಆ ಕೆಲಸ ಗ್ಯಾಸ್ ಮಾಡುತ್ತೆ. ಗ್ಯಾಸ್ ಯಾವಾಗಲೂ ಮೇಲಕ್ಕೆ ಹೋಗುತ್ತೆ. ಕಣ್ಣಿನ ಹಿಂಭಾಗ ಮೇಲೆ ಬರಬೇಕು ಅಂದರೆ ನಿಮ್ಮ ಮುಖ ಕೆಳಗಿರಬೇಕು." ಹತ್ತು ದಿನ ಬೋರಲು. ಊಟ, ನಿದ್ದೆ, ಮಾತು ಎಲ್ಲ ನೆಲ ನೋಡಿಕೊಂಡು. ಆಮೇಲೂ ಸುಮಾರು ಎರಡು ತಿಂಗಳು ಆ ಗ್ಯಾಸಿನ ಗುಳ್ಳೆ ಗಾರೆ ಮೇಸ್ತ್ರಿಯ ರಸಮಟ್ಟದ ಹಾಗೆ ಕಣ್ಣೊಳಗೆ ಅಲ್ಲಾಡುತ್ತಿತ್ತು. ತಲೆ ಓರೆ ಮಾಡಿದರೆ ಗೆರೆಯೂ ಓರೆ.

ವಾರಕ್ಕೆರಡು ಸಿನಿಮಾ ನೋಡುವವಳ ಪಾಡು ಊಹಿಸಿಕೊಳ್ಳಿ.

ಮೊದಲ ಥ್ಯಾಂಕ್ಸ್ ನನ್ನ ತಂಗಿಗೆ. ಮೂರನೇ ದಿನ ನಾನು ಗೋಳಾಡುವುದನ್ನು ಕೇಳಲಾರದೆ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿಟ್ಟು, "ನೀನು ಕೇಳು, ನಾನು ನೋಡಿ ಹೇಳ್ತೀನಿ" ಅಂದಳು. ಶುರುವಾಗಿದ್ದು ಒಂದು ದೊಡ್ಡ ಹೀರೋ ಸಿನಿಮಾದಿಂದ. ಹೆಸರು ಬೇಡ, ಅಭಿಮಾನಿಗಳು ಹೊಡೆಯುತ್ತಾರೆ. ನಾನೂ ಅವರಲ್ಲಿ ಒಬ್ಬಳೇ. ಡ್ರಮ್ಸ್ ಶುರುವಾಯಿತು. "ಏನಾಗ್ತಿದೆ?" ಅಂದೆ. "ನಡೀತಾ ಇದ್ದಾನೆ" ಅಂದಳು. ಡ್ರಮ್ಸ್ ಇನ್ನೂ ಜಾಸ್ತಿ ಆಯಿತು. "ಈಗ?" "ಇನ್ನೂ ನಡೀತಾ ಇದ್ದಾನೆ." ಸ್ವಲ್ಪ ಹೊತ್ತು ಬಿಟ್ಟು "ಈಗ ತಿರುಗಿದ" ಅಂದಳು. ನಕ್ಕು ನಕ್ಕು ಕಣ್ಣಿಗೆ ನೋವಾಯಿತು. ನಗಬೇಡಿ ಅಂತ ಡಾಕ್ಟರ್ ಹೇಳಿರಲಿಲ್ಲ, ಸದ್ಯ.

ಅಂದಿನಿಂದ ನನಗೆ ಹೊಸ ಚಟ ಹತ್ತಿತು. ಯಾವ ಸಿನಿಮಾ ಕಿವಿಗೆ ಉಳಿಯುತ್ತದೆ, ಯಾವುದು ಬರೀ ಗದ್ದಲ ಅಂತ ಪರೀಕ್ಷೆ ಮಾಡುವುದು. ಮೆಚ್ಚಿಕೊಂಡಿದ್ದ ಕೆಲವು ಉದುರಿದವು. ಬೈದಿದ್ದ ಕೆಲವಕ್ಕೆ ಕ್ಷಮೆ ಕೇಳಬೇಕಾಯಿತು.

ಕ್ಷಮೆಯ ಪಟ್ಟಿಯಲ್ಲಿ ಮೊದಲು ಬರುವುದು ರಾಜ್ ಬಿ. ಶೆಟ್ಟಿ ಅವರ 'ಸ್ವಾತಿ ಮುತ್ತಿನ ಮಳೆ ಹನಿಯೇ'. 2023ರ ನವೆಂಬರಿನಲ್ಲಿ ನೋಡಿ ಬಂದು, ಎಷ್ಟು ನಿಧಾನ ಮಾರಾಯ್ರೆ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಕಾಫಿ ಕುಡಿದು ಬರಬಹುದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಸಾವಿಗೆ ಹತ್ತಿರವಾದವರನ್ನು ನೋಡಿಕೊಳ್ಳುವ ಆಶ್ರಮದಂಥ ಜಾಗದ ಕಥೆ ಅದು. ನಾನೇ ರೋಗಿಯಾಗಿ ಬೋರಲು ಬಿದ್ದು ಕೇಳಿದಾಗ ಆ ನಿಧಾನವೇ ಸರಿ ಅನಿಸಿತು. ಹಾಸಿಗೆ ಹಿಡಿದವರ ಹತ್ತಿರ ಕೂತವರು ಹಾಗೇ ಮಾತಾಡುತ್ತಾರೆ. ಒಂದು ಮಾತು, ಆಮೇಲೆ ಫ್ಯಾನಿನ ಸದ್ದು, ಆಮೇಲೆ ಇನ್ನೊಂದು ಮಾತು. ಸಿರಿ ರವಿಕುಮಾರ್ ದನಿಯಲ್ಲಿರುವ ಸುಸ್ತು ಮೊದಲ ಸಲ ನನಗೆ ಕೇಳಿಸಿಯೇ ಇರಲಿಲ್ಲ.

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಯಾರದೋ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಮನು, ಪ್ರಿಯಾಳ ದನಿಯಿರುವ ಕ್ಯಾಸೆಟ್ ಕೇಳುತ್ತಾ ದಿನ ತಳ್ಳುತ್ತಾನೆ. ಥಿಯೇಟರಿನಲ್ಲಿ ನೋಡಿದಾಗ ಇದೊಂದು ಚಂದದ ಐಡಿಯಾ ಅನಿಸಿತ್ತು, ಅಷ್ಟೇ. ಈಗ ನಾನೇ ಗೋಡೆ ಕಾಣದ ಹಾಗೆ ಮಲಗಿ, ರುಕ್ಮಿಣಿ ವಸಂತ್ ದನಿ ಮಾತ್ರ ಕೇಳುತ್ತಿದ್ದೆ. ಮನು ಅಲ್ಲಿ, ನಾನು ಇಲ್ಲಿ. ರುಕ್ಮಿಣಿ ಅವರ ಮಾತಲ್ಲಿ ಒಂದು ವಿಶೇಷ ಇದೆ. ವಾಕ್ಯ ಮುಗಿಯುವ ಮೊದಲೇ ನಗು ಶುರುವಾಗಿರುತ್ತದೆ, ಆ ನಗು ಕೊನೆಯ ಶಬ್ದಕ್ಕೆ ಅಂಟಿಕೊಂಡು ಬರುತ್ತದೆ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಾಟಕ ಕಲಿತವರು ಅಂತ ಓದಿದ್ದೆ. ಕಲಿತರೆ ಬರುವಂಥದ್ದಾ ಇದು, ಗೊತ್ತಿಲ್ಲ. ಮನು ಆಗಿರುವ ರಕ್ಷಿತ್ ಶೆಟ್ಟಿ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ತಿರುಗುಮುರುಗಾಯಿತು. ಅವರದು ಕಣ್ಣಿನ ನಟನೆ. ದನಿಯಲ್ಲಿ ಅರ್ಧವೇ ಸಿಗುತ್ತದೆ. ಎರಡನೇ ಭಾಗದಲ್ಲಿ ತಂಗಿ ಎಷ್ಟೋ ಸಲ "ನೋಡ್ತಾ ಇದ್ದಾನೆ ಅಕ್ಕಾ, ಹೇಗೆ ಅಂತ ಹೇಳೋಕೆ ಬರಲ್ಲ" ಅಂತ ಕೈಚೆಲ್ಲಿದಳು.

'777 ಚಾರ್ಲಿ'ಯಲ್ಲಂತೂ ವೀಕ್ಷಕ ವಿವರಣೆಯೇ ನಿಂತುಹೋಯಿತು. ಹಿಮ ಬಂದಿದೆ ಅಂತ ಹಿನ್ನೆಲೆ ಸಂಗೀತದಿಂದ ಗೊತ್ತಾಗುತ್ತಿತ್ತು. "ಏನಾಯ್ತೇ?" ಅಂದೆ. ಉತ್ತರ ಇಲ್ಲ. ಮೂಗು ಏರಿಸುವ ಸದ್ದು. "ಹೇಳೇ!" "ಸುಮ್ನಿರಕ್ಕಾ." ಹೀಗೆ ಆ ಸಿನಿಮಾದ ಕೊನೆಯ ಭಾಗ ನನ್ನ ಪಾಲಿಗೆ ತಂಗಿಯ ಅಳು ಮಾತ್ರ. ಇನ್ನೊಮ್ಮೆ ನೋಡಬೇಕು.

ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ, ಆದರೂ ಹೇಳುತ್ತೇನೆ. ತಟ್ಟೆಯನ್ನು ನೆಲದ ಮೇಲಿಟ್ಟು, ತಾನೂ ನೆಲದ ಮೇಲೆ ಕೂತು ಊಟ ಮಾಡಿಸಿದಳು. ನಾವು ಸಿನಿಮಾ ಕೇಳುವುದನ್ನು ನೋಡಿ, "ಇದೇನು ಹೊಸದಾ? ನಮ್ಮ ಕಾಲದಲ್ಲಿ ರೇಡಿಯೋದಲ್ಲಿ ಇಡೀ ಸಿನಿಮಾ ಕೇಳ್ತಿದ್ವಿ" ಅಂದಳು. 'ಬಭ್ರುವಾಹನ' ಹಾಕಿಸಿದಳು. 1977ರ ಸಿನಿಮಾ. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ಮಾತಾಡುವಾಗ ಈಗ ಯಾರು ಮಾತಾಡುತ್ತಿರುವುದು ಅಂತ ನಾನು ಒಮ್ಮೆಯೂ ಕೇಳಬೇಕಾಗಲಿಲ್ಲ. ಒಂದೇ ಗಂಟಲು, ಎರಡು ವಯಸ್ಸು. ನಾಟಕ ಕಂಪನಿಗಳಲ್ಲಿ ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸಬೇಕಾಗಿದ್ದ ಕಾಲದ ಪಾಠ ಅದು. ಅಮ್ಮ ಪ್ರತಿ ಡೈಲಾಗನ್ನೂ ಅರ್ಧ ಸೆಕೆಂಡ್ ಮೊದಲೇ ಹೇಳಿ ರಸಭಂಗ ಮಾಡಿದಳು.

ರಂಗಭೂಮಿಯಿಂದ ಬಂದವರು ಕಿವಿ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಾರೆ ಅನ್ನುವುದು ಈಗ ನನ್ನ ಗಟ್ಟಿ ನಂಬಿಕೆ. 'ಶಾಖಾಹಾರಿ'ಯ ರಂಗಾಯಣ ರಘು ಕೇಳಿ. ಎಷ್ಟೋ ಸಿನಿಮಾದಲ್ಲಿ ಅವರನ್ನು ಕಿರುಚಾಡಿಸಿಯೇ ಮುಗಿಸಿದ್ದಾರೆ. ಇಲ್ಲಿ ಮಲೆನಾಡಿನ ಸಣ್ಣ ಹೋಟೆಲಿನ ಸುಬ್ಬಣ್ಣ. ದನಿಯನ್ನು ಏರಿಸುವುದೇ ಇಲ್ಲ, ಅದಕ್ಕೇ ಭಯವಾಗುತ್ತದೆ. 2024ರಲ್ಲಿ ಬಂದ ಸಿನಿಮಾಗಳಲ್ಲಿ ನನಗೆ ತುಂಬ ಇಷ್ಟವಾದ ನಟನೆ ಇದು.

ಆದರೆ ದನಿಯ ರಾಜ ಅನಂತ್ ನಾಗ್ ಅವರೇ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' 2016ರದು, ಹೊಸದೇನಲ್ಲ. ನೆನಪು ಜಾರುತ್ತಿರುವ ವೆಂಕೋಬ ರಾವ್ ತನ್ನ ಹೆಂಡತಿಯ ಕಥೆ ಹೇಳುವಾಗ ಮಾತು ಒಂದು ಕಡೆ ತಡೆಯುತ್ತದೆ. ಮರೆತು ನಿಂತರೋ, ನೆನಪಾಗಿ ನಿಂತರೋ ತಿಳಿಯುವುದಿಲ್ಲ. ಆ ಜಾಗವನ್ನು ಐದು ಸಲ ಹಾಕಿಸಿ ಕೇಳಿದೆ. 1973ರ 'ಸಂಕಲ್ಪ'ದಿಂದ ನಟಿಸುತ್ತಿರುವವರಿಗೆ 2025ರಲ್ಲಿ ಪದ್ಮಭೂಷಣ ಬಂತು. ತಡವಾಯಿತು ಅಂತ ನಾನು ಹೊಸದಾಗಿ ಹೇಳಬೇಕಿಲ್ಲ.

'ಕಾಂತಾರ' ಕೇಳಿದ ದಿನ ತಂಗಿ ಮನೆಯಲ್ಲಿರಲಿಲ್ಲ. ವಿವರಿಸುವವರೇ ಇಲ್ಲ. ಬೇಕಾಗಲೂ ಇಲ್ಲ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ರಿಷಬ್ ಶೆಟ್ಟಿ ಬಾಯಿಂದ ಬರುವುದು ಹೆಚ್ಚಾಗಿ ಒಂದು ಕೂಗು. ಅದೇ ಕೂಗು ಒಮ್ಮೆ ಸಿಟ್ಟಾಗಿ, ಒಮ್ಮೆ ಅಳುವಾಗಿ, ಕೊನೆಗೆ ಸಮಾಧಾನ ಹೇಳುವ ಹಾಗೆ ಕೇಳಿಸುತ್ತದೆ. ರಾಷ್ಟ್ರಪ್ರಶಸ್ತಿ ಕೊಟ್ಟವರು ಕಣ್ಣು ಮುಚ್ಚಿ ಕೇಳಿದ್ದರೂ ಕೊಡುತ್ತಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪು ಫೋಟೋ ಇರುವ ನೇತ್ರದಾನದ ಪೋಸ್ಟರ್ ಇತ್ತು. ತಲೆ ಬಗ್ಗಿಸಿಕೊಂಡೇ ಅದರ ಮುಂದೆ ಹಾದು ಹೋಗುತ್ತಿದ್ದೆ, ಕಾಣುತ್ತಿದ್ದುದು ಕೆಳಗಿನ ಅಂಚು ಮಾತ್ರ. 2021ರ ಅಕ್ಟೋಬರ್ 29ರಂದು ಅವರು ಹೋದರು, 46 ವರ್ಷ. ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವನ್ನು, ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಅವರ ಅಪ್ಪನೂ 2006ರಲ್ಲಿ ಕಣ್ಣು ಕೊಟ್ಟೇ ಹೋಗಿದ್ದರು. ನನ್ನದು ರೆಟಿನಾ ತೊಂದರೆ, ದಾನದ ಕಣ್ಣಿನಿಂದ ಸರಿ ಹೋಗುವಂಥದ್ದಲ್ಲ. ಆದರೂ ಮನೆಗೆ ಹೋಗುವ ದಿನ ಫಾರ್ಮ್ ತುಂಬಿ ಕೊಟ್ಟೆ. ರೆಟಿನಾ ಕೆಟ್ಟಿದ್ದರೂ ಕಾರ್ನಿಯಾ ಕೊಡಬಹುದಂತೆ. ಅಪ್ಪು ಸರ್, ಇದು ನಿಮ್ಮ ಲೆಕ್ಕಕ್ಕೆ.

ಗೆಳೆಯರ ಗುಂಪಿಗೂ ಥ್ಯಾಂಕ್ಸ್. ಸರದಿಯ ಮೇಲೆ ಫೋನ್ ಮಾಡಿ, ನೋಡಿದ ಸಿನಿಮಾ ಕಥೆಯನ್ನು ಇಂಟರ್ವಲ್ ಸಮೇತ ಹೇಳಿದಿರಿ. ಒಬ್ಬನಂತೂ ಕ್ಲೈಮ್ಯಾಕ್ಸ್ ತಾನೇ ಬದಲಾಯಿಸಿ ಹೇಳಿದ್ದು ಆಮೇಲೆ ಗೊತ್ತಾಯಿತು. ನಿನ್ನ ಕ್ಲೈಮ್ಯಾಕ್ಸೇ ಚೆನ್ನಾಗಿತ್ತು ಕಣೋ.

ಥಿಯೇಟರಿಗೆ ವಾಪಸ್ ಹೋಗಿದ್ದು ಜುಲೈ ಕೊನೆಯಲ್ಲಿ, 'ಸು ಫ್ರಮ್ ಸೋ'ಗೆ. ಜೆ. ಪಿ. ತುಮಿನಾಡ್ ತಾನೇ ಬರೆದು, ನಿರ್ದೇಶಿಸಿ, ನಟಿಸಿದ ಸಿನಿಮಾ. ದೊಡ್ಡ ಸ್ಟಾರ್ ಇಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಹೌಸ್‌ಫುಲ್ ಆಗಿತ್ತು. ಬಲಗಣ್ಣು ಇನ್ನೂ ಸ್ವಲ್ಪ ಮಂಜು ಮಂಜು. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬಂದಾಗ ಜನ ಸೀಟಿನಿಂದ ಜಾರುವ ಹಾಗೆ ನಗುತ್ತಿದ್ದರು. ನಾನು ಬೇಕಂತಲೇ ಎರಡು ನಿಮಿಷ ಕಣ್ಣು ಮುಚ್ಚಿದೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೆಮ್ಮಿ ಕೆಮ್ಮಿ ನಗುತ್ತಿದ್ದರು, ಯಾವುದೋ ಮಗು ಜೋಕ್ ಅರ್ಥವಾಗದೆ ಸುಮ್ಮನೆ ಜೊತೆಗೂಡಿ ನಗುತ್ತಿತ್ತು. ಇದು ಮಾತ್ರ ಲ್ಯಾಪ್‌ಟಾಪಿನಲ್ಲಿ ಸಿಕ್ಕಿರಲಿಲ್ಲ.

ಅಕ್ಟೋಬರಿನಲ್ಲಿ 'ಕಾಂತಾರ: ಅಧ್ಯಾಯ 1' ಎರಡೂ ಕಣ್ಣು ತುಂಬ ನೋಡಿದೆ. ಅರವಿಂದ್ ಕಶ್ಯಪ್ ಕ್ಯಾಮೆರಾಗೆ ಕೈ ಮುಗಿಯಬೇಕು. ಆದರೆ ನನಗೆ ಮೊದಲನೆಯದೇ ಇಷ್ಟ. ಹೊಸದು ಕಣ್ಣಿಗೆ ಹಬ್ಬ, ಕಿವಿಗೆ ಬಿಡುವೇ ಕೊಡುವುದಿಲ್ಲ. ಬೈಯುವವರು ಬೈಯಬಹುದು.

ಟಾರ್ಚ್ ಹುಡುಗನನ್ನು ಹುಡುಕಿಕೊಂಡು ಅದೇ ಥಿಯೇಟರಿಗೆ ಮೂರು ಸಲ ಹೋದೆ. ಕೆಲಸ ಬಿಟ್ಟಿದ್ದಾನಂತೆ. ಎಲ್ಲಿಗೆ ಹೋದ ಅಂತ ಅಲ್ಲಿ ಯಾರಿಗೂ ತಿಳಿಯದು. ಅಂದು ಅವನಿಗೆ ಬೈದೆನೇ ಹೊರತು ಹೆಸರು ಕೇಳಲಿಲ್ಲ. ತಮ್ಮಾ, ಇದನ್ನು ನೀನು ಓದಿದರೆ ನಿಮ್ಮಪ್ಪನಿಗೂ ನನ್ನ ನಮಸ್ಕಾರ ತಿಳಿಸು. ಮೊನ್ನೆ ನಿಮ್ಮ ಥಿಯೇಟರಿನಲ್ಲಿ ಅದೇ ಸೀಟು ತಗೊಂಡು, ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಡೆಯ ಕೆಳಮೂಲೆ ಸರಿಯಾಗಿದೆ.