ಎಲ್ಲಿಗೂ ಹೋಗದ ವೈರು

ಪುಟ್ಟಿ,

ಬೆಳಗ್ಗೆ ನನ್ನನ್ನು ಎಬ್ಬಿಸದೆ ಹಾಸ್ಟೆಲ್‌ಗೆ ಹೊರಟುಬಿಟ್ಟೆ. ಎದ್ದು ನೋಡಿದರೆ ಮೇಜಿನ ಮೇಲೆ ನಿನ್ನ ವಿಡಿಯೋ ಗೇಮ್ ಕಂಟ್ರೋಲರ್ ಇತ್ತು. ಚಾರ್ಜಿಂಗ್ ವೈರನ್ನು ಅದರ ಸುತ್ತ ಬಿಗಿಯಾಗಿ ಸುತ್ತಿಟ್ಟಿದ್ದೆ. ಪ್ರತಿ ಸಲ ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡು ಹೋಗುವವಳು ನೀನು. ಮರೆತು ಬಿಟ್ಟಿದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಾತ್ರಿಯ ಜಗಳವನ್ನೆಲ್ಲ ಮತ್ತೆ ಹೇಳುವುದಿಲ್ಲ. ಯಾರು ಏನಂದೆವು ಅಂತ ಇಬ್ಬರಿಗೂ ನೆನಪಿದೆ. ಒಂದು ಮಾತನ್ನು ಮಾತ್ರ ಬಿಡಲು ಆಗುತ್ತಿಲ್ಲ. ಮೂರು ವರ್ಷ ಕಾದ ಆಟ. ಹನ್ನೊಂದು ಗಂಟೆ ಆಡಿದ ಮೇಲೆ ನೀನು ಬಂದು ಬಾಗಿಲಲ್ಲಿ ನಿಂತೆ. "ನಾನು ಒತ್ತಿದರೂ ಅಷ್ಟೇ, ಒತ್ತದಿದ್ದರೂ ಅಷ್ಟೇ ಅಮ್ಮ" ಅಂದೆ. ನಾನು ಬಟ್ಟೆ ಮಡಚುತ್ತಿದ್ದೆ. ತಲೆ ಎತ್ತದೆ "ಆಟ ತಾನೇ, ಬಿಡು" ಅಂದುಬಿಟ್ಟೆ.

ಆ ಮಾತನ್ನು ನಿನಗೆ ಹಿಂದೆಯೂ ಒಮ್ಮೆ ಹೇಳಿದ್ದೆ. ರಾತ್ರಿ ನಿದ್ದೆ ಬರದೆ ಮಲಗಿದ್ದಾಗ ಅದು ನೆನಪಾಯಿತು. ನಿನಗೆ ಮರೆತಿರಬಹುದು. ಮರೆತಿರಲಿ ಅಂತಲೇ ಇಷ್ಟು ವರ್ಷ ಸುಮ್ನೆ ಇದ್ದೆ.

ನಿನಗಾಗ ಐದು ವರ್ಷ. ನಮ್ಮ ಹಳೇ ಕನ್ಸೋಲ್‌ನಲ್ಲಿ ನಾನು ಸೂಪರ್ ಮಾರಿಯೋ ಬ್ರದರ್ಸ್ ಆಡುತ್ತಿದ್ದೆ. 1985ರ ಆಟ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ. ಅದರಲ್ಲಿ ಸೇವ್ ಇಲ್ಲ, ಕೂತರೆ ಒಂದೇ ಬಾರಿಗೆ ಮುಗಿಸಬೇಕು. ದಿನದ ಕೆಲಸವೆಲ್ಲ ಆದ ಮೇಲೆ ನನ್ನದು ಅಂತ ಸಿಗುತ್ತಿದ್ದದ್ದು ಒಂದೇ ಗಂಟೆ. ನೀನು ಪಕ್ಕದಲ್ಲಿ ಕೂತು "ನಂಗೂ, ನಂಗೂ" ಅನ್ನುತ್ತಿದ್ದೆ. ಇಬ್ಬರ ಆಟ ಹಾಕಬಹುದಿತ್ತು. ಆದರೆ ಅದರಲ್ಲಿ ಇಬ್ಬರೂ ಒಟ್ಟಿಗೆ ಆಡುವ ಹಾಗಿಲ್ಲ. ನನ್ನ ಮಾರಿಯೋ ಸತ್ತಾಗ ನಿನ್ನ ಲುಯಿಜಿಯ ಸರದಿ ಬರುತ್ತದೆ. ಆ ಸರದಿಯಷ್ಟು ಹೊತ್ತನ್ನು ನಿನಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಎರಡನೇ ಕಂಟ್ರೋಲರನ್ನು ನಿನ್ನ ಕೈಗೆ ಕೊಟ್ಟೆ. ಅದರ ವೈರನ್ನು ಚಾಪೆಯ ಕೆಳಗೆ ತೂರಿಸಿದೆ. ಎಲ್ಲಿಗೂ ಸಿಕ್ಕಿಸಲಿಲ್ಲ.

ಎಷ್ಟು ದಿನ ಹಾಗೆ ನಡೆಯಿತು ಅಂತ ನಿನ್ನೆಯಿಂದ ಲೆಕ್ಕ ಹಾಕುತ್ತಲೇ ಇದ್ದೇನೆ. ಎರಡು ತಿಂಗಳಾದರೂ ಇರಬೇಕು. ಮಾರಿಯೋ ಹಾರಿದಾಗಲೆಲ್ಲ ನೀನೂ ಕೂತಲ್ಲೇ ಮೇಲೇಳುತ್ತಿದ್ದೆ. ಹಳ್ಳಕ್ಕೆ ಬಿದ್ದರೆ "ನಾನು ಲೇಟಾಗಿ ಒತ್ತಿದೆ, ಸಾರಿ ಅಮ್ಮ" ಅನ್ನುತ್ತಿದ್ದೆ. ನನ್ನ ತಪ್ಪಿಗೆ ನೀನು ಸಾರಿ ಕೇಳುತ್ತಿದ್ದೆ. ನಾನು "ಪರವಾಗಿಲ್ಲ" ಅನ್ನುತ್ತಿದ್ದೆ.

ಒಂದು ದಿನ ನಿನಗೆ ಮೂಗು ತುರಿಸಿತು. ಕಂಟ್ರೋಲರ್ ಕೆಳಗಿಟ್ಟೆ. ಮಾರಿಯೋ ಹಾರಿಬಿಟ್ಟ. ನೀನು ಅಳಲಿಲ್ಲ. ವೈರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಚಾಪೆಯ ತನಕ ಹೋದೆ. ಚಾಪೆ ಎತ್ತಿದೆ. ತುದಿಯನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದೆ. "ಇದು ಎಲ್ಲಿಗೂ ಹೋಗಿಲ್ಲ ಅಮ್ಮ" ಅಂದೆ.

ನಾನು ಆಟ ನಿಲ್ಲಿಸಲಿಲ್ಲ. "ಆಟ ತಾನೇ ಪುಟ್ಟಿ" ಅಂದೆ.

ಈಗ ಯೋಚಿಸಿದರೆ, ನಿನ್ನೆ ನೀನು ಹೇಳಿದ್ದೂ ಅದನ್ನೇ ಅಲ್ವಾ? ಚೆನ್ನಾಗಿ ಕಾಣುವ ಆಟ, ಎಲ್ಲವೂ ಓಡುತ್ತದೆ, ಹಾರುತ್ತದೆ. ಆದರೆ ಕೈಯಲ್ಲಿರುವ ವೈರು ಎಲ್ಲಿಗೂ ಹೋಗಿಲ್ಲ. ಟ್ರೇಲರ್ ನೋಡುವಾಗ ನಾವೆಲ್ಲ ಐದು ವರ್ಷದವರೇ. ಪರದೆ ಮೇಲೆ ಹಾರಿದ್ದನ್ನು ನಮ್ಮ ಬೆರಳೇ ಹಾರಿಸಿತು ಅಂದುಕೊಳ್ಳುತ್ತೇವೆ.

ಇದಕ್ಕೆ ನೊಂದವಳು ನೀನೊಬ್ಬಳೇ ಅಲ್ಲ. 2012ರ ಮಾರ್ಚ್‌ನಲ್ಲಿ ಮಾಸ್ ಎಫೆಕ್ಟ್ 3 ಬಂದಾಗ, ಮೊದಲ ಎರಡು ಆಟಗಳಿಂದಲೂ ಒಂದೊಂದು ಆಯ್ಕೆಯನ್ನು ಜೋಪಾನ ಮಾಡಿಕೊಂಡು ಬಂದವರು ಕೊನೆಯಲ್ಲಿ ಎಲ್ಲ ದಾರಿಯೂ ಹೆಚ್ಚುಕಡಿಮೆ ಒಂದೇ ಅಂತ ಸಿಟ್ಟಾದರು. ಆ ಜೂನ್‌ನಲ್ಲಿ ತಯಾರಕರು ಕೊನೆಯ ಭಾಗವನ್ನು ಹಿಗ್ಗಿಸಿ ಉಚಿತವಾಗಿ ಕೊಟ್ಟರು. ನನ್ನನ್ನು ಜಾಸ್ತಿ ಕಾಡುವುದು 2016ರ ನೋ ಮ್ಯಾನ್ಸ್ ಸ್ಕೈ. ಎಣಿಸಲಾಗದಷ್ಟು ಗ್ರಹಗಳ ಆಟ. ಅಲ್ಲಿ ಬೇರೆಯವರನ್ನು ಭೇಟಿಯಾಗಬಹುದು ಅಂತ ಜನ ನಂಬಿದ್ದರು. ಆಟ ಬಂದ ಹೊಸತರಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ. ಆಟ ಮಾಡಿದ ಚಿಕ್ಕ ತಂಡ ತುಂಬ ದಿನ ಬಾಯಿ ಬಿಡಲಿಲ್ಲ, ಆದರೆ ಕೆಲಸ ಬಿಡಲಿಲ್ಲ. 2018ರ ಜುಲೈನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಆಟಗಾರರು ಒಬ್ಬರನ್ನೊಬ್ಬರು ನೋಡಿದರು, ಜೊತೆಯಾಗಿ ಆಡಿದರು. ಎರಡು ವರ್ಷ ಆಗಿತ್ತು.

ನಿನ್ನ ಆಟವೂ ಹಾಗೆ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹೋಗದೆಯೂ ಇರಬಹುದು.

ಆದರೆ ಕೆಲವನ್ನು ಹೇಳಲೇಬೇಕು. ಮುಂಗಡ ಬುಕಿಂಗ್ ಮಾಡಬೇಡ. ಡೌನ್‌ಲೋಡ್ ಆಗುವ ಆಟ ಅಂಗಡಿಯಲ್ಲಿ ಖಾಲಿಯಾಗುವ ಸಾಮಾನಲ್ಲ. ನೀನು ನಾಳೆ ಕೇಳಿದರೂ ಅದು ಸಿಗುತ್ತದೆ. ತೋರಿಸಲು ಮಾಡುವ ತುಣುಕನ್ನು ಬೇರೆಯಾಗಿ ತಿದ್ದಿ ತೀಡಿರುತ್ತಾರೆ, ಇಡೀ ಆಟ ಹಾಗಿರಬೇಕು ಅಂತೇನಿಲ್ಲ. ಆಡಿ ತೋರಿಸುವ ವಿಡಿಯೋದಲ್ಲಿ ಕಂಟ್ರೋಲರ್ ಹಿಡಿದ ಕೈ ತಪ್ಪು ಮಾಡುತ್ತಿದೆಯಾ ನೋಡು. ತಪ್ಪೇ ಆಗದಿದ್ದರೆ ಅದು ಎಷ್ಟೋ ಸಲ ಅಭ್ಯಾಸ ಮಾಡಿ ತೆಗೆದ ದೃಶ್ಯ ಇರಬಹುದು. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಮೊದಲ ಎರಡು ಗಂಟೆಯಲ್ಲೇ ನಿನಗೆ ಅನುಮಾನ ಬಂದಿತ್ತು ಅಂತ ನೀನೇ ಹೇಳಿದೆ. ಆಗಲೇ ನಿಲ್ಲಿಸಬೇಕಿತ್ತು. ಹನ್ನೊಂದು ಗಂಟೆ ಯಾಕೆ ಆಡಿದೆ?

ಯಾಕೆ ಅಂತ ನನಗೆ ಗೊತ್ತು. ಮುಂದೆ ಎಲ್ಲೋ ಸರಿಹೋಗುತ್ತದೆ ಅಂತ ನಂಬಿದೆ. ಚಾಪೆಯ ಮೇಲೆ ಎರಡು ತಿಂಗಳು ನಂಬಿ ಕೂತ ಹಾಗೆ. ಬುದ್ಧಿ ಹೇಳಲು ಪೆನ್ನು ಹಿಡಿದವಳಲ್ಲ ನಾನು, ಆದರೂ ಅದೇ ಬಂತು. ಇದನ್ನು ಹರಿದು ಹಾಕುವುದಿಲ್ಲ. ಅದೂ ನನ್ನ ಮನಸ್ಸಿನಲ್ಲಿ ಇರುವುದೇ.

ನಿನಗೆ ಹನ್ನೆರಡಾದಾಗ ಸೆಲೆಸ್ಟ್ ಆಡುತ್ತಿದ್ದೆ, ನೆನಪಿದೆಯಾ? 2018ರಲ್ಲಿ, ಆ ಆಟ ಬಂದ ವರ್ಷವೇ. ಓಡಿ ಬಂದು ಕೂಗಿದೆ: "ಅಂಚು ದಾಟಿದ ಮೇಲೂ ಒಂದು ಚೂರು ಹೊತ್ತು ಹಾರಬಹುದು ಅಮ್ಮ! ಗಾಳಿಯಲ್ಲಿದ್ದರೂ ಬಿಡ್ತಾರೆ!" ಅದು ನಿಜವೇ. ಕಾಲು ಅಂಚಿನಿಂದ ಜಾರಿದ ಮೇಲೂ ಕೆಲವು ಫ್ರೇಮ್‌ಗಳಷ್ಟು ಹೊತ್ತು ಆಟ ನಿನ್ನ ಬೆರಳಿಗಾಗಿ ಕಾಯುತ್ತದೆ. ಆಡುವವರು ಅದಕ್ಕೆ ಕೊಯೋಟಿ ಟೈಮ್ ಅನ್ನುತ್ತಾರೆ. ಯಾರೂ ಹೇಳಿಕೊಡದೆ, ಬರೀ ಬೆರಳಿನಲ್ಲೇ ಅದನ್ನು ಕಂಡುಹಿಡಿದಿದ್ದೆ. ಆ ದಿನ ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ ಮಾತೇ ಬರಲಿಲ್ಲ. "ಹೋಮ್‌ವರ್ಕ್ ಆಯ್ತಾ" ಅಂತ ಕೇಳಿದೆ. ಹೆಮ್ಮೆ ಅಂತ ಆಗಲೇ ಹೇಳಬೇಕಿತ್ತು.

ನಿನ್ನೆ ರಾತ್ರಿ ಮಲಗಲು ಹೋಗುವಾಗ ನೀನು ಬಾಗಿಲ ಆಚೆಯಿಂದ ಹೇಳಿದ್ದು ನನಗೆ ಭಯ ಹುಟ್ಟಿಸಿದೆ. "ಇನ್ನು ಯಾವುದಕ್ಕೂ ಕಾಯಲ್ಲ." ಸಿಟ್ಟಿನಲ್ಲಿ ಹೇಳಿದ್ದಾದರೆ ಸರಿ. ಆದರೆ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಐದು ವರ್ಷದವಳು ವೈರಿನ ತುದಿ ಹಿಡಿದು ನೋಡಿದಾಗಲೂ ಇರಲಿಲ್ಲ. ಅದಾದ ಮೇಲೆ ಎಷ್ಟೋ ತಿಂಗಳು ನೀನು ನನ್ನ ಪಕ್ಕ ಬಂದು ಕೂರಲಿಲ್ಲ. ಕರೆದರೆ "ನೀನೇ ಆಡು" ಅನ್ನುತ್ತಿದ್ದೆ. ನನಗೆ ಬಿಡುವು ಸಿಕ್ಕಿತು ಅಂದುಕೊಂಡೆ. ಆ ಕಾಲ ಮತ್ತೆ ಬರಬಾರದು ಪುಟ್ಟಿ.

ತಪ್ಪಾಯಿತು. ಆಗಿನದ್ದಕ್ಕೂ, ನಿನ್ನೆಯದಕ್ಕೂ.

ಇವತ್ತು ಕೆಲಸಕ್ಕೆ ರಜೆ ಹಾಕಿ ನಿನ್ನ ಆಟ ಹಾಕಿಕೊಂಡು ಕೂತಿದ್ದೆ. ನೀನು ಹೇಳುತ್ತಿದ್ದ ಸೇತುವೆಯ ತನಕ ಬರಲು ಸಂಜೆಯಾಯಿತು. ಹುಡುಗನ ಕೈ ಹಿಡಿಯುವ ಗುಂಡಿ ಒತ್ತಿದೆ, ಅವನು ಬಿದ್ದ. ಹಿಂದಕ್ಕೆ ಹೋಗಿ ಹಗ್ಗ ಎಸೆದೆ, ಬಿದ್ದ. ಮೂರನೇ ಸಲ ಏನೂ ಒತ್ತದೆ ಕಂಟ್ರೋಲರ್ ಕೆಳಗಿಟ್ಟು ನೋಡಿದೆ. ಆಗಲೂ ಬಿದ್ದ, ಅದೇ ಮಾತು ಹೇಳಿಕೊಂಡು. ಎದೆಯಲ್ಲಿ ಏನೋ ಆಯಿತು. ನೀನು ಹೇಳಿದ್ದು ನಿಜ.

ಅಲ್ಲೇ ಸೇವ್ ಮಾಡಿಟ್ಟಿದ್ದೇನೆ, ಎರಡನೇ ಸ್ಲಾಟ್‌ನಲ್ಲಿ. ನಿನ್ನದನ್ನು ಮುಟ್ಟಿಲ್ಲ. ಕಂಟ್ರೋಲರ್ ಚಾರ್ಜಿಗೆ ಹಾಕಿದ್ದೇನೆ.

ಅಮ್ಮ