ಆ ದೊಡ್ಡ ಲೆನ್ಸ್ ಈಗಲೇ ಬೇಡ, ಪುಟ್ಟ

ಪ್ರೀತಿಯ ಪುಟ್ಟನಿಗೆ,

ಅತ್ತೆಯ ಆಶೀರ್ವಾದ. ನಿನ್ನ ಮೆಸೇಜ್ ಓದಿದೆ. ರೂಮ್‌ಮೇಟ್ ಕಾಲೇಜಿನ ರೋಲರ್ ಹಾಕಿ (ಚಕ್ರದ ಸ್ಕೇಟ್ ಕಟ್ಟಿಕೊಂಡು ಆಡುವ ಹಾಕಿ) ತಂಡದಲ್ಲಿ ಆಡುತ್ತಾನೆ, ನಿನ್ನ ಹತ್ತಿರ ಕ್ಯಾಮೆರಾ ಇರುವುದು ಗೊತ್ತಾಗಿ ಇಡೀ ತಂಡ ಫೋಟೋ ತೆಗೆದುಕೊಡು ಅಂತ ಗಂಟು ಬಿದ್ದಿದೆ, ಮೊದಲ ಮ್ಯಾಚಿನ ಫೋಟೋ ಎಲ್ಲ ಕತ್ತಲೆ ಮತ್ತು ಮಸುಕು, ಅದಕ್ಕೇ ಎರಡು ಸಾವಿರ ಡಾಲರ್ ದಾಟುವ ದೂರದ್ದನ್ನು ಹತ್ತಿರಕ್ಕೆ ಎಳೆಯುವ ಆ 70-200 ಎಫ್ 2.8 ಝೂಮ್ ಲೆನ್ಸ್ ಕೊಂಡುಬಿಡಲಾ ಅಂತ ಕೇಳಿದ್ದೀಯ. ಕೊಳ್ಳಬೇಡ. ಎಜುಕೇಶನ್ ಲೋನ್ ದುಡ್ಡಲ್ಲಿ ಓದುತ್ತಿರುವವನು ನೀನು. ನಿಮ್ಮಪ್ಪನಿಗೆ ಹೇಳುವುದಿಲ್ಲ, ಹೆದರಬೇಡ, ಆದರೆ ಇದನ್ನು ಪೂರ್ತಿ ಓದು.

ನನ್ನ ಮಗ ಚಿಕ್ಕವನಿದ್ದಾಗಿನಿಂದ ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಇನ್‌ಲೈನ್ ಹಾಕಿ, ಅಂದರೆ ನಿಮ್ಮವರ ಇದೇ ರೋಲರ್ ಹಾಕಿ, ಆಡಿದ. ನಾನು ಆಟದ ಅಂಗಳದ ಸುತ್ತ ಇರುವ ಗಾಜಿನ ಆಚೆ ನಿಂತು ಫೋಟೋ ತೆಗೆದೆ. ಅವನು ಆಟ ಬಿಟ್ಟ, ನಾನು ಫೋಟೋ ಬಿಡಲಿಲ್ಲ. ಅಷ್ಟರ ಮಟ್ಟಿಗೆ ಹೇಳುವ ಹಕ್ಕು ನನಗಿದೆ.

ನಿನ್ನ ಫೋಟೋಗಳ ವಿವರ ನೋಡಿದೆ. ಕ್ಯಾಮೆರಾ ಜೊತೆ ಬಂದ ಲೆನ್ಸ್, ಪೂರ್ತಿ ಝೂಮ್ ಮಾಡಿದ್ದೀಯ, ಎಫ್ 5.6 (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ), ಶಟರ್ 1/125, ಅಂದರೆ ಸೆಕೆಂಡಿನ 125ನೇ ಒಂದು ಭಾಗ. ಆ ಶಟರ್‌ನಲ್ಲಿ ಸ್ಕೇಟ್ ಮಾಡುವ ಮನುಷ್ಯ ನಿಲ್ಲುವುದೇ ಇಲ್ಲ. ಈ ಆಟಕ್ಕೆ 1/800 ಬೇಕು, 1/1000 ಆದರೆ ನೆಮ್ಮದಿ. ಅಷ್ಟು ವೇಗ ಕೊಟ್ಟರೆ ಬೆಳಕು ಸಾಲದು. ಒಳಾಂಗಣದ ರಿಂಕ್, ಅಂದರೆ ಆ ಸ್ಕೇಟಿಂಗ್ ಅಂಗಳ, ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುತ್ತೆ, ಕ್ಯಾಮೆರಾಗೆ ಅದು ಸಂಜೆ ದೀಪ ಹಚ್ಚುವ ಹೊತ್ತು. ಪರಿಹಾರ ಸುಲಭ. 85 ಎಂಎಂ ಎಫ್ 1.8 ಲೆನ್ಸ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೋ. ದೊಡ್ಡದರ ಬೆಲೆಯ ಮುಂದೆ ಅದು ಏನೂ ಅಲ್ಲ. ಎಫ್ 5.6ರಲ್ಲಿ ಬರುವುದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ, ನೀನು ಆಸೆಪಟ್ಟ ಎಫ್ 2.8ಕ್ಕಿಂತಲೂ ಎರಡು ಪಟ್ಟಿಗಿಂತ ಜಾಸ್ತಿ. ಅದನ್ನು ಎಫ್ 2ರಲ್ಲಿ ಇಟ್ಟು, ಶಟರ್ 1/1000, ಐಎಸ್‌ಒ (ಇದು ಜಾಸ್ತಿಯಾದಷ್ಟೂ ಕಡಿಮೆ ಬೆಳಕಲ್ಲೂ ಫೋಟೋ ಬೆಳ್ಳಗೆ ಬರುತ್ತೆ) 3200 ಹಾಕಿ ಶುರು ಮಾಡು. ಸಾಲದಿದ್ದರೆ 6400ಕ್ಕೆ ಹೋಗು. ಕಾಳು ಕಾಳಾಗಿ ಬರುತ್ತೆ ಅಂತ ತಲೆ ಕೆಡಿಸಿಕೊಳ್ಳಬೇಡ. ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಅಲುಗಾಡಿದ್ದನ್ನು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ.

85ರಲ್ಲಿ ಝೂಮ್ ಇಲ್ಲವಲ್ಲ, ಆಚೆ ತುದಿಯ ಗೋಲ್ ಹೇಗೆ ಸಿಗುತ್ತೆ ಅಂತ ಕೇಳ್ತೀಯ. ಸಿಗುವುದಿಲ್ಲ. ಬಿಟ್ಟುಬಿಡು. ರಿಂಕ್ ಉದ್ದ ನೂರ ಎಂಬತ್ತು, ಇನ್ನೂರು ಅಡಿ ಇರುತ್ತೆ, ಅಷ್ಟು ದೂರದ್ದನ್ನು ಎಳೆದು ತಂದರೂ ಅದು ಗುಂಪು ಫೋಟೋ ಅಷ್ಟೇ. ನಿನ್ನ ಕಡೆಯ ಅರ್ಧ ರಿಂಕ್ ಮಾತ್ರ ನಿನ್ನದು ಅಂದುಕೋ. ಒಂದು ಮೂಲೆ ಹಿಡಿದು ನಿಲ್ಲು, ಗೋಲಿನ ಬಾಯಿ ಓರೆಯಾಗಿ ಕಾಣುವ ಹಾಗೆ. ಪೀರಿಯಡ್ ಮುಗಿದ ಮೇಲೆ ತಂಡಗಳು ತುದಿ ಬದಲಾಯಿಸಿಕೊಳ್ಳುತ್ತವೆ, ಆಗ ನಿನ್ನವರು ತಾವಾಗಿಯೇ ನಿನ್ನ ಮುಂದೆ ಬಂದು ದಾಳಿ ಮಾಡುತ್ತಾರೆ. ನೀನು ಅವರ ಹಿಂದೆ ಓಡುವ ಅಗತ್ಯವೇ ಇಲ್ಲ.

ಇನ್ನು ಆ ಗಾಜು. ಅದು ನಿಜವಾದ ಗಾಜಲ್ಲ, ಅಕ್ರಿಲಿಕ್ ಇರಬೇಕು, ವರ್ಷಗಟ್ಟಲೆ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಬಡಿದು ಗೀರು ಗೀರಾಗಿರುತ್ತೆ. ಮ್ಯಾಚಿಗೆ ಅರ್ಧ ಗಂಟೆ ಮುಂಚೆ ಹೋಗಿ ಸುಮ್ನೆ ಒಂದು ಸುತ್ತು ಹಾಕು, ಯಾವ ಹಲಗೆ ಸ್ವಚ್ಛ ಇದೆ ನೋಡಿಕೋ. ಒಂದು ಮೆತ್ತನೆ ಬಟ್ಟೆ ಜೇಬಿನಲ್ಲಿರಲಿ, ನಿನ್ನ ಕಡೆಯ ಬೆರಳಚ್ಚು ಒರೆಸಬಹುದು. ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ, ಆದಷ್ಟು ನೇರಕ್ಕೆ ಹಿಡಿ. ಓರೆ ಹಿಡಿದಷ್ಟೂ ಚಿತ್ರ ಕಲಸಿಹೋಗುತ್ತೆ, ಹಿಂದಿನ ಟ್ಯೂಬ್‌ಲೈಟು ಅದರಲ್ಲಿ ಪ್ರತಿಫಲಿಸುತ್ತೆ. ಲೆನ್ಸಿನ ಮುಂದೆ ಸಿಕ್ಕಿಸುವ ರಬ್ಬರಿನ ಹುಡ್ ಸಿಗುತ್ತೆ, ಹತ್ತು ಹದಿನೈದು ಡಾಲರ್ ಇದ್ದೀತು, ಅದನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಫಲನ ಮಾಯ. ಆದರೆ ಆಟಗಾರರು ನಿನ್ನ ಕಡೆಯ ಬೋರ್ಡಿಗೆ, ಅಂದರೆ ಗಾಜಿನ ಕೆಳಗಿನ ಗೋಡೆಗೆ, ನುಗ್ಗಿ ಬರುವಾಗ ಕ್ಯಾಮೆರಾ ಹಿಂದಕ್ಕೆ ಎಳೆದುಕೋ. ಇನ್‌ಲೈನ್‌ನಲ್ಲಿ ಮೈಮೇಲೆ ಬಿದ್ದು ಗುದ್ದುವುದಕ್ಕೆ ಅವಕಾಶವಿಲ್ಲ ನಿಜ, ಆದರೂ ತಡೆದು ನಿಲ್ಲಲಾಗದೆ ಬಂದು ಬಡಿಯುವವರು ಇದ್ದೇ ಇರುತ್ತಾರೆ. ಗಾಜು ನಿನ್ನ ಕಡೆಗೆ ಬಾಗುತ್ತೆ, ಕ್ಯಾಮೆರಾ ಹುಬ್ಬಿಗೆ ಬಡಿಯುತ್ತೆ. ಕೆಲವು ರಿಂಕ್‌ಗಳಲ್ಲಿ ಗೋಲ್ ಹಿಂದೆ ಬಲೆ ಕಟ್ಟಿರುತ್ತಾರೆ. ಬಲೆಗೆ ಲೆನ್ಸ್ ಹತ್ತಿರ ಹಿಡಿದು ಎಫ್ 2ರಲ್ಲೇ ತೆಗೆದರೆ ದಾರ ಕಾಣುವುದೇ ಇಲ್ಲ. ಅಲ್ಲೂ ಅದೇ ಎಚ್ಚರ, ಬಲೆ ಪಕ್ಕನ್ನು ತಡೆಯುತ್ತೆ, ಆದರೆ ಚೀಲದ ಹಾಗೆ ಮುಂದೆ ಬರುತ್ತೆ.

ಆಟಗಾರರ ಬೆಂಚಿನ ಹತ್ತಿರ ಗಾಜೇ ಇರುವುದಿಲ್ಲ, ಅಲ್ಲಿಂದ ಬಹಳ ಚೆನ್ನಾಗಿ ಬರುತ್ತೆ. ಕೋಚ್ ಹತ್ತಿರ ಬಾಯಿ ಬಿಟ್ಟು ಕೇಳು. ಒಪ್ಪಿದರೆ ಹೆಲ್ಮೆಟ್ ಹಾಕಿಕೊಂಡು ನಿಲ್ಲು, ನಗುವವರು ನಗಲಿ. ಆಟದ ನಡುವೆ ಆಟಗಾರರನ್ನು ಬದಲಾಯಿಸುವಾಗ ಇಬ್ಬರು ಹಾರಿ ಒಳಗೆ ಬರುತ್ತಾರೆ, ಇಬ್ಬರು ಹೊರಗೆ ಹೋಗುತ್ತಾರೆ, ಆ ಬಾಗಿಲಿಗೆ ಅಡ್ಡ ನಿಂತೆಯೋ ಮತ್ತೆ ಯಾವತ್ತೂ ಒಳಗೆ ಬಿಡುವುದಿಲ್ಲ.

ಒಂದು ವಿಷಯ ನಿನಗೆ ವಿಚಿತ್ರ ಅನಿಸಿರಬೇಕು. ಸಾಲಾಗಿ ತೆಗೆದ ನಾಲ್ಕು ಫೋಟೋದಲ್ಲಿ ಒಂದು ಹಳದಿ, ಒಂದು ಕಪ್ಪು, ಒಂದು ಸರಿ, ಮತ್ತೊಂದು ಅರ್ಧ ಹಳದಿ. ಕ್ಯಾಮೆರಾ ಕೆಟ್ಟಿಲ್ಲ. ದೀಪದ ಆಟ ಅದು. ಇಲ್ಲಿ ಕರೆಂಟು 60 ಹರ್ಟ್ಜ್, ಹಾಗಾಗಿ ಹಳೆಯ ದೀಪಗಳು ಸೆಕೆಂಡಿಗೆ 120 ಸಲ ಹೊಳೆದು ಮಂಕಾಗುತ್ತವೆ. ನಮ್ಮ ಊರಲ್ಲಿ 50 ಹರ್ಟ್ಜ್, ಅಲ್ಲಿ 100 ಸಲ. 1/1000ರಲ್ಲಿ ನೀನು ಆ ಏರಿಳಿತದ ಒಂದು ಚೂರನ್ನು ಮಾತ್ರ ಹಿಡಿಯುತ್ತೀಯ, ಒಂದೊಂದು ಸಲ ಒಂದೊಂದು ಚೂರು. ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಅಂತ ಇದ್ದರೆ ಆನ್ ಮಾಡು, ದೀಪ ಜೋರಾಗಿರುವ ಗಳಿಗೆ ಕಾದು ಕ್ಲಿಕ್ ಆಗುತ್ತೆ. ಕ್ಯಾನನ್ 2014ರಲ್ಲಿ 7ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ಇದನ್ನು ಕೊಟ್ಟಿತ್ತು, ಈಗ ಬೇರೆ ಕಂಪನಿಗಳ ಕ್ಯಾಮೆರಾಗಳಲ್ಲೂ ಸಿಗುತ್ತೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬೇಡ, ಮೆಕ್ಯಾನಿಕಲ್ ಇಡು. ಇಲ್ಲದಿದ್ದರೆ ಫೋಟೋಗೆ ಅಡ್ಡಡ್ಡ ಪಟ್ಟೆ ಬೀಳುತ್ತೆ, ಬೀಸಿದ ಸ್ಟಿಕ್ ಬಾಳೆಹಣ್ಣಿನ ಹಾಗೆ ಬಾಗಿ ಕಾಣುತ್ತೆ. ಅಂದ ಹಾಗೆ ನಿನ್ನ ಕ್ಯಾಮೆರಾ ಬೆಂಗಳೂರಿನಿಂದ ತಂದಿದ್ದಲ್ವಾ? ವಿಡಿಯೋ ಸೆಟ್ಟಿಂಗ್ ನಮ್ಮ ಊರಿನ 50 ಹರ್ಟ್ಜ್‌ಗೆ ಹೊಂದುವ ಪಾಲ್‌ನಲ್ಲಿ ಇರಬಹುದು, ಇಲ್ಲಿನ 60ಕ್ಕೆ ಹೊಂದುವ ಎನ್‌ಟಿಎಸ್‌ಸಿಗೆ ಬದಲಾಯಿಸು. ಫೋಟೋಗೆ ಸಂಬಂಧವಿಲ್ಲ, ಆದರೆ ಅವರು ನಾಳೆ ವಿಡಿಯೋನೂ ಕೇಳುತ್ತಾರೆ ನೋಡು.

ಎಕ್ಸ್‌ಪೋಶರ್, ಅಂದರೆ ಫೋಟೋಗೆ ಎಷ್ಟು ಬೆಳಕು ಅನ್ನುವುದನ್ನು, ಮ್ಯಾನ್ಯುಯಲ್ ಮಾಡಿಕೋ. ಬೋರ್ಡು ಬಿಳಿ, ಒಂದು ತಂಡದ ಜರ್ಸಿ ಕಪ್ಪು. ಆಟೋ ಬಿಟ್ಟರೆ ಕ್ಯಾಮೆರಾ ಒಂದೊಂದು ಫೋಟೋಗೂ ಮನಸ್ಸು ಬದಲಾಯಿಸುತ್ತೆ. ವಾರ್ಮಪ್ ಸಮಯದಲ್ಲೇ ಇದನ್ನು ಸರಿ ಮಾಡಿಕೋ, ಆ ಹೊತ್ತು ಯಾರೂ ನಿನ್ನಿಂದ ಏನೂ ಬಯಸುವುದಿಲ್ಲ. ಅಳತೆಗೆ ಮುಖ ನೋಡು, ಜರ್ಸಿ ನೋಡಬೇಡ. ಹೆಲ್ಮೆಟ್ ಮುಂದಿನ ಕಂಬಿಗಳ ಹಿಂದೆ ಕಣ್ಣು ಕಪ್ಪಾಗಿ ಹೋಗುತ್ತೆ, ಸ್ವಲ್ಪ ಬೆಳಕು ಜಾಸ್ತಿ ಇಟ್ಟರೆ ಮಾತ್ರ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತೆ. ಬಿಳಿ ಜರ್ಸಿ ಒಂಚೂರು ಸುಟ್ಟರೆ ಸುಡಲಿ. ಪ್ಲಾಸ್ಟಿಕ್ ಟೈಲ್ಸ್ ನೆಲ ನೀಲಿ ಇದ್ದರೆ ಎಲ್ಲರ ಗಲ್ಲದ ಕೆಳಗೂ ನೀಲಿ ಹೊಡೆಯುತ್ತೆ, ಅದಕ್ಕೇ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ತೆಗೆ, ಬಣ್ಣ ಆಮೇಲೆ ತಿದ್ದಬಹುದು. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಬೆಳಕು ಗೋಲಿಯ, ಅಂದರೆ ಗೋಲ್‌ಕೀಪರ್‌ನ, ಕಣ್ಣಿಗೆ ಹೊಡೆದು ಗೋಲ್ ಆಯಿತೋ, ನಿನ್ನ ಗತಿ ಅಷ್ಟೇ.

ಇಷ್ಟು ಮಾಡಿಕೊಂಡರೆ ಫೋಟೋ ಸ್ಪಷ್ಟವಾಗಿ ಬರುತ್ತೆ. ಚೆನ್ನಾಗಿ ಬರುತ್ತೆ ಅಂತ ಹೇಳಲಾರೆ. ನೀನು ಕಳಿಸಿದ್ದರಲ್ಲಿ ಮಸುಕಾಗದೆ ಇದ್ದವು ಕೆಲವು ಇದ್ದವಲ್ಲ, ಅವನ್ನೂ ನೋಡಿದೆ. ಎಲ್ಲ ಬೆನ್ನು. ಬೆನ್ನಿನ ನಂಬರು, ಬೆನ್ನಿನ ಹೆಸರು. ಯಾಕೆ ಗೊತ್ತಾ, ನೀನು ಪಕ್ ಹಿಂದೆ ಹೋಗುತ್ತಿದ್ದೀಯ. ಪಕ್ ಇರುವ ಕಡೆ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಅದು ಹೊರಟುಹೋಗಿರುತ್ತೆ, ನಿನಗೆ ಸಿಗುವುದು ಅದರ ಹಿಂದೆ ಓಡುವವರ ಬೆನ್ನು. ಈ ಆಟದಲ್ಲಿ ಅದು ಇನ್ನೂ ಜಾಸ್ತಿ. ಐಸ್ ಹಾಕಿಯಲ್ಲಿ ಐದು ಜನ ಮತ್ತು ಗೋಲಿ, ಇಲ್ಲಿ ನಾಲ್ಕೇ ಜನ ಮತ್ತು ಗೋಲಿ. ಅಲ್ಲಿರುವ ನೀಲಿ ಗೆರೆಯ ಆಫ್‌ಸೈಡ್ (ಪಕ್‌ಗಿಂತ ಮೊದಲು ಆ ಗೆರೆ ದಾಟಬಾರದು ಅನ್ನುವ ನಿಯಮ) ಇಲ್ಲಿ ಸಾಮಾನ್ಯವಾಗಿ ಇಲ್ಲ. ಜಾಗ ಖಾಲಿ, ತಡೆ ಕಡಿಮೆ, ಒಂದೇ ಉದ್ದ ಪಾಸಿಗೆ ಒಬ್ಬ ಗೋಲಿ ಎದುರು ಒಂಟಿಯಾಗಿ ನಿಂತಿರುತ್ತಾನೆ. ಅವನಿಗೆ ಪಾಸ್ ಬರುವ ಮೊದಲೇ ನಿನ್ನ ಫೋಕಸ್ ಅವನ ಮೇಲಿರಬೇಕು.

ಅದಕ್ಕೇ ಹೇಳುವುದು, ಆಟ ಕಲಿ. ಮುಂದಿನ ಒಂದು ಮ್ಯಾಚಿಗೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗು, ರೂಮ್‌ಮೇಟನ್ನು ಪ್ರಾಕ್ಟೀಸ್ ದಿನ ಪಕ್ಕದಲ್ಲಿ ಕೂರಿಸಿಕೊಂಡು ಯಾರು ಎಡಗೈ ಶಾಟ್, ಯಾರು ಬಲಗೈ ಶಾಟ್, ಯಾರು ಪಾಸ್ ಕೊಡುವವನು, ಯಾರು ಯಾವತ್ತೂ ಕೊಡದವನು ಎಲ್ಲ ಕೇಳಿಕೋ. ಹೀಗೆ ಕೇಳಿದರೆ ಅವನಿಗೂ ಖುಷಿಯಾಗುತ್ತೆ. ಎಡಗೈ ಶಾಟ್‌ನವನು ಹೊಡೆಯುವಾಗ ಎದೆ ಯಾವ ಕಡೆ ತೆರೆದುಕೊಳ್ಳುತ್ತೆ ಅಂತ ಒಂದು ಸಲ ಕಣ್ಣಾರೆ ನೋಡಿದರೆ, ಯಾವ ಮೂಲೆಯಲ್ಲಿ ನಿಲ್ಲಬೇಕು ಅಂತ ನನ್ನನ್ನು ಕೇಳುವ ಕೆಲಸವೇ ಇಲ್ಲ. ಆಮೇಲೆ ಕ್ಯಾಮೆರಾದಲ್ಲಿ ಕಂಟಿನ್ಯುಯಸ್ ಫೋಕಸ್ ಹಾಕಿ, ಒಬ್ಬ ಆಟಗಾರನನ್ನು ಹಿಡಿದು, ಅವನು ಪಕ್ ಮುಟ್ಟಲಿ ಬಿಡಲಿ ಅವನನ್ನೇ ಹಿಂಬಾಲಿಸು. ಬಲಗಣ್ಣು ಕ್ಯಾಮೆರಾದಲ್ಲಿ, ಎಡಗಣ್ಣು ತೆರೆದೇ ಇರಲಿ. ಮೊದಮೊದಲು ತಲೆ ಸುತ್ತುತ್ತೆ.

ಐಸ್ ಹಾಕಿ ಫೋಟೋ ನೋಡಿ ಅದೇ ಥರ ತೆಗೆಯಲು ಹೋಗಬೇಡ. ಅಲ್ಲಿ ಆಟಗಾರ ಗಕ್ಕನೆ ನಿಂತಾಗ ಮಂಜು ಎಗರುತ್ತೆ, ವೇಗ ತಾನಾಗಿಯೇ ಕಾಣುತ್ತೆ. ಇಲ್ಲಿ ಚಕ್ರ, ಏನೂ ಎಗರುವುದಿಲ್ಲ. ವೇಗವನ್ನು ಮೈಯಲ್ಲಿ ಹುಡುಕಬೇಕು. ತಿರುವಿನಲ್ಲಿ ಇಡೀ ದೇಹ ವಾಲಿರುತ್ತೆ, ಒಳಗಿನ ಕೈ ನೆಲ ಸವರುವಷ್ಟು ಹತ್ತಿರ ಬಂದಿರುತ್ತೆ, ದೊಗಳೆ ಪ್ಯಾಂಟು ಗಾಳಿಗೆ ಕಾಲಿಗೆ ಅಂಟಿಕೊಂಡಿರುತ್ತೆ, ಹಿಂದಿನ ಕಾಲಿನ ಒಂದೋ ಎರಡೋ ಚಕ್ರ ಮಾತ್ರ ನೆಲದ ಮೇಲಿರುತ್ತೆ. ಅದು ಇನ್‌ಲೈನ್ ಹಾಕಿ. ಆದ್ದರಿಂದ ಕಾಲು ಕತ್ತರಿಸಬೇಡ. ಬೋರ್ಡು ನಿನ್ನ ಸೊಂಟದ ಮೇಲಕ್ಕೇ ಬರುತ್ತೆ, ನಿನ್ನ ಪಕ್ಕದಲ್ಲೇ ಹಾದುಹೋಗುವವರ ಕಾಲು ಸಿಗುವುದಿಲ್ಲ, ನಡು ರಿಂಕಿನವರದು ಸಿಗುತ್ತೆ. ಮೇಲೆ ಮೆಟ್ಟಿಲು ಸೀಟುಗಳಿದ್ದರೆ ಒಂದು ಪೀರಿಯಡ್ ಅಲ್ಲಿಂದಲೂ ತೆಗೆ. ಹಿಂದಿನ ಜಾಹೀರಾತು ಬೋರ್ಡುಗಳ ಗಲಾಟೆ ಇಲ್ಲದೆ ಬರೀ ನೆಲ ಬರುತ್ತೆ. ಪಕ್ ಕೂಡ ಐಸಿನ ರಬ್ಬರ್ ಪಕ್ ಅಲ್ಲ, ಹಗುರ ಪ್ಲಾಸ್ಟಿಕ್ಕು, ಜಾರಲಿ ಅಂತ ಎರಡೂ ಕಡೆ ಸಣ್ಣ ಉಬ್ಬುಗಳಿರುತ್ತವೆ. ಕೆಂಪೋ ಕಿತ್ತಳೆಯೋ ಇದ್ದರೆ ಬೂದು ನೆಲದ ಮೇಲೆ ಎದ್ದು ಕಾಣುತ್ತೆ. ಅದು ಫೋಟೋದಲ್ಲಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮುಖ ಇದ್ದರೆ ಸಾಕು. ಈ ವಿಷಯದಲ್ಲಿ ಬೇರೆ ಫೋಟೋಗ್ರಾಫರ್‌ಗಳು ನನ್ನ ಜೊತೆ ಜಗಳಕ್ಕೆ ಬರುತ್ತಾರೆ, ಬರಲಿ.

ಗೋಲ್ ಆದ ತಕ್ಷಣ ಕ್ಯಾಮೆರಾ ಕೆಳಗಿಳಿಸಿ ಹಿಂದಿನ ಸ್ಕ್ರೀನ್ ನೋಡುವ ಚಟ ಎಲ್ಲರಿಗೂ ಇರುತ್ತೆ. ನೀನು ನೋಡಬೇಡ. ಒಳ್ಳೆ ಫೋಟೋ ಆಗ ಶುರುವಾಗುತ್ತೆ. ಹೊಡೆದವನು ಬೆಂಚಿನ ಕಡೆ ತಿರುಗುತ್ತಾನೆ, ಅಲ್ಲಿದ್ದವರೆಲ್ಲ ಬೋರ್ಡಿನ ಮೇಲೆ ಬಾಗಿ ಕೈ ಚಾಚುತ್ತಾರೆ. ಇನ್ನೊಂದು ಕಡೆ ಸೋತ ಗೋಲಿ ನೀರಿನ ಬಾಟಲಿ ತೆಗೆದುಕೊಂಡು ಮಾಸ್ಕ್ ಮೇಲಕ್ಕೆತ್ತುತ್ತಾನೆ, ಇಡೀ ಮ್ಯಾಚಿನಲ್ಲಿ ಅವನ ಮುಖ ಪೂರ್ತಿ ಸಿಗುವುದು ಆಗ ಮಾತ್ರ.

ತಂಡದ ಎಲ್ಲರ ಫೋಟೋ ತೆಗೆ. ಚೆನ್ನಾಗಿ ಆಡುವ ಇಬ್ಬರದ್ದೇ ತೆಗೆದು ಬರಬೇಡ. ಕಾಲೇಜು ರೋಲರ್ ಹಾಕಿ ಇಲ್ಲಿ ಕ್ಲಬ್ ಆಟ. ನ್ಯಾಷನಲ್ ಕಾಲೇಜಿಯೇಟ್ ರೋಲರ್ ಹಾಕಿ ಅಸೋಸಿಯೇಷನ್ ಟೂರ್ನಮೆಂಟ್ ನಡೆಸುತ್ತೆ, ಆದರೆ ಸಾಮಾನ್ಯವಾಗಿ ಹುಡುಗರು ತಮ್ಮ ಜೇಬಿನಿಂದಲೇ ಖರ್ಚು ಹಾಕಿ ಆಡುತ್ತಾರೆ. ಫುಟ್‌ಬಾಲಿಗೆ ಬರುವ ಕಾಲೇಜಿನ ಫೋಟೋಗ್ರಾಫರ್ ಇವರ ಹತ್ತಿರ ಬರುವುದು ಕಡಿಮೆ. ಒಂದು ಹಾಳೆಯಲ್ಲಿ ಎಲ್ಲರ ನಂಬರ್ ಬರೆದುಕೊಂಡು ಹೋಗು, ಸಿಕ್ಕವರಿಗೆ ಗೀಟು ಹಾಕುತ್ತಾ ಬಾ. ಬಿದ್ದು ಅಂಗಾತ ಮಲಗಿದವನ ಫೋಟೋ, ಬಾಯಿ ಸೊಟ್ಟಗಾದ ಫೋಟೋ ಗ್ರೂಪಿಗೆ ಹಾಕಬೇಡ, ಅವನು ಕೇಳಿದರೆ ಅವನೊಬ್ಬನಿಗೆ ಕೊಡು. ಎಷ್ಟೇ ತೆಗೆದಿರು, ಕೊಡುವುದು ಮೂವತ್ತು ನಲವತ್ತು ದಾಟದಿರಲಿ. ದುಡ್ಡು ಕೊಡುತ್ತೇವೆ ಅಂದರೆ ಸ್ಟೂಡೆಂಟ್ ವೀಸಾದಲ್ಲಿ ಇದ್ದೀಯ, ಒಪ್ಪಿಕೊಳ್ಳುವ ಮುಂಚೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿಚಾರಿಸು. ಪಿಜ್ಜಾ ಕೊಡಿಸಿದರೆ ತಿನ್ನು.

ಒಂದು ಸೀಸನ್ ಹೀಗೆ ಮಾಡಿ, ಆಮೇಲೂ 85 ಸಾಲದು ಅನಿಸಿದರೆ ದೊಡ್ಡ ಲೆನ್ಸನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡು. ಅಷ್ಟರ ಮೇಲೂ ಬೇಕು ಅಂದರೆ ನನಗೆ ಹೇಳು, ನನ್ನ ಹಳೆಯದು ಬೀರುವಿನಲ್ಲಿ ಕೂತಿದೆ, ಭಾರ ಅಂತ ನಾನು ಈಗ ಅದನ್ನು ಎತ್ತುವುದು ಕಡಿಮೆ.

ಶನಿವಾರದ ಮ್ಯಾಚಿನದ್ದು ಕಳಿಸು. ವಾಟ್ಸಾಪ್‌ನಲ್ಲಿ ಬೇಡ, ಅದು ಚಿಕ್ಕದು ಮಾಡಿ ವಿವರವನ್ನೂ ತಿಂದುಹಾಕುತ್ತೆ. ಡ್ರೈವ್ ಲಿಂಕ್ ಹಾಕು, ಕೆಟ್ಟವನ್ನೂ ಸೇರಿಸಿ. ಆರಿಸಿದ್ದು ಮಾತ್ರ ಕಳಿಸಿದರೆ ನಾನು ಹೇಳುವುದಕ್ಕೆ ಏನೂ ಇರುವುದಿಲ್ಲ.

ನಿನ್ನ ಅತ್ತೆ