ಮಸಾಲಾ ಓಟ್ಸ್‌ನ ಉಪ್ಪಿನ ಲೆಕ್ಕ ನಮ್ಮ ಅವ್ವನಿಗೂ ತಿಳಿಯಬೇಕು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಪ್ಯಾಕೆಟ್ ಮೇಲಿನ ಪೋಷಕಾಂಶದ ಪಟ್ಟಿ ಹಿರಿಯರಿಗೆ ಓದಲು ಆಗದಿರುವ ಬಗ್ಗೆ ದೂರು

ಮಾನ್ಯರೇ,

ನಾನು ಕಲಬುರಗಿಯವಳು. ನಮ್ಮ ಅವ್ವನಿಗೆ ಬಿಪಿ ಇದೆ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅವ್ವ ಉಪ್ಪಿನಕಾಯಿ ಬಿಟ್ಟಳು, ಹಪ್ಪಳ ಬಿಟ್ಟಳು. ಖಡಕ್ ರೊಟ್ಟಿ ಅಗಿಯಲು ಆಗದ್ದಕ್ಕೆ ರಾತ್ರಿ ನಿಮ್ಮ ಮಸಾಲಾ ಓಟ್ಸ್ ತಿನ್ನುತ್ತಾಳೆ. ಪ್ಯಾಕೆಟ್ ಮುಂದೆ ದೊಡ್ಡದಾಗಿ ಹೃದಯದ ಚಿತ್ರವಿದೆ. ಅದನ್ನು ತೋರಿಸಿಯೇ ಸೂಪರ್ ಮಾರ್ಕೆಟ್‌ನ ಅಂಗಡಿಯವರು "ಬಿಪಿ ಇದ್ದವರಿಗೆ ಛಲೋರಿ" ಅಂತ ಕೊಟ್ಟರು.

ಪ್ಯಾಕೆಟ್ ಹಿಂಬದಿಯ ಪಟ್ಟಿ ಬೇರೆಯೇ ಹೇಳುತ್ತದೆ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ. ಒಂದು ಸಲಕ್ಕೆ 30 ಗ್ರಾಂ ಓಟ್ಸ್, ಅದರಲ್ಲಿ ದಿನದ ಸೋಡಿಯಂ ಮಿತಿಯ 15% ಅಂತ ಬರೆದಿದ್ದೀರಿ. ರಾತ್ರಿ ಊಟಕ್ಕೆ 30 ಗ್ರಾಂ ಯಾರಿಗೆ ಸಾಕು? ಅವ್ವ ತಿನ್ನುವುದು ಅದರ ಎರಡರಷ್ಟು. ಅಂದರೆ 600 ಮಿಲಿಗ್ರಾಂ ಸೋಡಿಯಂ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: ಒಂದೂವರೆ ಗ್ರಾಂ ಉಪ್ಪು. ಇಡೀ ದಿನಕ್ಕೆ 5 ಗ್ರಾಂ ಮೀರಬಾರದು. ಒಂದೇ ಬಟ್ಟಲಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೋಯಿತು, ಅಲ್ವಾ?

ಹಾಲು, ಕಿರಾಣಿ ಲೆಕ್ಕವೆಲ್ಲ ಇವತ್ತಿಗೂ ಅವ್ವನದೇ. ಈ ಲೆಕ್ಕವನ್ನೂ ಹಾಕುತ್ತಿದ್ದಳು. ಆದರೆ ಅಕ್ಷರ ಇಂಗ್ಲಿಷ್‌ನವು, ಇರುವೆಯಷ್ಟು ಸಣ್ಣವು, ಅದೂ ಕೆಂಪಿನ ಮೇಲೆ ಬೆಳ್ಳಿ ಬಣ್ಣ. ಸೋಡಿಯಂ ನೋಡಿ ಉಪ್ಪು ಎಷ್ಟೆಂದು ತಿಳಿಯುವುದು ಹೇಗೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಪಕ್ಕದ ಮನೆಯ ಕಾಕಾ ಓದಬಲ್ಲರು. ಅವರು ಆ 15% ನೋಡಿ, ನೂರಕ್ಕೆ ಹದಿನೈದು ಪಾಲು ಉಪ್ಪೇ ತುಂಬಿದ್ದಾರೆ ಅಂತ ಗಾಬರಿಯಾದರು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಎಲ್ಲ ನಿಯಮದ ಪ್ರಕಾರವೇ ಇದೆ, ಬೇಕಿದ್ದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದರು. ಅವ್ವನ ಹತ್ತಿರ ಇರುವುದು ಕೀಪ್ಯಾಡ್ ಫೋನ್. 2020ರ ಲೇಬಲ್ ನಿಯಮಕ್ಕೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ನಿಜ. ಜೊತೆಗೆ ಬೇರೆ ಭಾಷೆ ಹಾಕಲು ಅದೇ ನಿಯಮದಲ್ಲಿ ಅವಕಾಶವೂ ಇದೆ. ಟಿವಿ ಜಾಹೀರಾತಿಗೆ ಕನ್ನಡ ಬೇಕು, ಉಪ್ಪಿನ ಲೆಕ್ಕಕ್ಕೆ ಬೇಡವೇ?

ಪ್ಯಾಕೆಟ್ ಹಿಂದೆ ಕನ್ನಡದಲ್ಲಿ, ಬಿಳಿ ಮೇಲೆ ಕಪ್ಪಾಗಿ, ದಪ್ಪ ಅಕ್ಷರದಲ್ಲಿ ಬರೆಯಿರಿ: ಒಂದು ಬಟ್ಟಲಿಗೆ ಇಷ್ಟು ಗ್ರಾಂ ಉಪ್ಪು, ಇಷ್ಟು ಸಕ್ಕರೆ. ಜನ ನಿಜವಾಗಿ ತಿನ್ನುವ ಅಳತೆಗೆ ಹೇಳಿ. ಹೃದಯದ ಚಿತ್ರ ಇಡಲೇಬೇಕು ಅಂದರೆ ಅದರ ಪಕ್ಕದಲ್ಲೇ ಉಪ್ಪಿನ ಅಳತೆ ಹಾಕಿ. ಹೊಸ ಪ್ಯಾಕೆಟ್ ಬರುವವರೆಗೆ ನಮ್ಮ ಭಾಗದ ಅಂಗಡಿಗಳಿಗೆ ಕನ್ನಡದ ಚೀಟಿಯನ್ನಾದರೂ ಕಳಿಸಿ.

ಪ್ಯಾಕೆಟ್‌ನ ಎರಡೂ ಬದಿಯ ಫೋಟೊ ಜೊತೆಗಿಟ್ಟಿದ್ದೇನೆ. ಉತ್ತರ ಬರಹದಲ್ಲಿ ಬೇಕು. ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇಂತಿ,
ಕಲಬುರಗಿಯ ಗ್ರಾಹಕಿ